ಕತ್ತೆ ಆಯದ ಯುಕುಲೆಲೆ

ಯುಕುಲೆಲೆ ಅನ್ನುವ ಹೆಸರು ಕಿವಿಗೆ ಬಿದ್ದರೆ ಈಗಲೂ ನನಗೆ ಮೈ ಉರಿಯುತ್ತದೆ. ನಾಲ್ಕು ತಂತಿಯ ಆ ಪುಟ್ಟ ಗಿಟಾರು ಯಾರಿಗೂ ಕೇಡು ಮಾಡಿದ್ದಲ್ಲ, ನಿಜ. ಕೇಡು ಮಾಡಿದವರು ಮನುಷ್ಯರು, ಅವರಲ್ಲಿ ನಾನೂ ಒಬ್ಬಳು. ಆದರೂ ಟೀವಿಯಲ್ಲಿ ಯಾವಳಾದರೂ ಅದನ್ನು ಎದೆಗವಚಿಕೊಂಡು ಹಲ್ಲು ಕಿರಿಯುತ್ತಾ ನುಡಿಸುವುದು ಕಂಡರೆ ತಕ್ಷಣ ಚಾನೆಲ್ಲು ಬದಲಾಯಿಸುತ್ತೇನೆ. ಮನೆಯವರು ನಗುತ್ತಾರೆ. ನಗಲಿ.

ತೊಂಬತ್ತರ ದಶಕದ ನಡುವಿನ ಮಾತು. ಕೆ.ಆರ್. ಪೇಟೆಯ ಒಂದು ಖಾಸಗಿ ನರ್ಸರಿ ಶಾಲೆಯಲ್ಲಿ ನಾನು ಮಿಸ್ಸು. ಟಿ.ಸಿ.ಎಚ್. ಮುಗಿಸಿ ಎರಡು ವರ್ಷ ಸರ್ಕಾರಿ ಕೆಲಸಕ್ಕೆ ಕಾದು, ಸಿಗದೆ ಸೇರಿಕೊಂಡ ಜಾಗ ಅದು. ನಮ್ಮದು ಮರಗೆಲಸದ ಆಚಾರಿಗಳ ಮನೆ. ಆ ಮನೆಯಲ್ಲಿ ಹಾಜರಿ ಪುಸ್ತಕಕ್ಕೆ ಸಹಿ ಹಾಕಿ ಸಂಬಳ ತಂದ ಮೊದಲನೆಯವಳು ನಾನೇ, ಗಂಡಸರನ್ನೂ ಸೇರಿಸಿ. ಕೆಲಸ ಇರುವತನಕ ಮದುವೆಯ ಮಾತೆತ್ತುವುದಿಲ್ಲ ಎಂದು ಅಪ್ಪ ಒಪ್ಪಿಕೊಂಡಿದ್ದ. ಕೆಲಸ ಹೋದರೆ ನಾಗಮಂಗಲದಲ್ಲಿ ಸೋದರತ್ತೆಯ ಮಗನೊಬ್ಬ ಕಾದು ಕೂತಿದ್ದ. ಅವನ ವಿಷಯ ಇಷ್ಟು ಸಾಕು.

ನಮ್ಮ ಶಾಲೆಯ ಸೆಕ್ರೆಟರಿ ದೊಡ್ಡ ಕಬ್ಬಿನ ಜಮೀನುದಾರರು. ಕೆ.ಆರ್. ಪೇಟೆಯಲ್ಲೊಂದು, ಪಾಂಡವಪುರದಲ್ಲೊಂದು, ಎರಡು ಶಾಲೆ ಇಟ್ಟುಕೊಂಡಿದ್ದರು. ಆ ವರ್ಷ ದಸರೆಗೆ ಮೈಸೂರಿಗೆ ಹೋದವರು ಅಲ್ಲಿನ ಯಾವುದೋ ಶಾಲೆಯಲ್ಲಿ ಮಿಸ್ಸೊಬ್ಬಳು ಯುಕುಲೆಲೆ ಹಿಡಿದು ಮಕ್ಕಳಿಗೆ ಹಾಡು ಹೇಳಿಕೊಡುವುದನ್ನು ನೋಡಿಬಿಟ್ಟರು. ಬಂದವರೇ ಎರಡೂ ಶಾಲೆಯ ಆರು ಜನ ನರ್ಸರಿ ಮಿಸ್ಸುಗಳನ್ನು ಕೂರಿಸಿಕೊಂಡು ಮೀಟಿಂಗು ಮಾಡಿದರು.

"ನೋಡ್ರವ್ವ, ಮೈಸೂರ್ನಲ್ಲಿ ಮಿಸ್ಗೋಳು ಇದ ಬಾರಿಸ್ಕಂಡು ಪಾಠ ಮಾಡ್ತಾವ್ರೆ. ನಮಗೇನ್ ರೋಗ? ಭಾನ್ವಾರ ಭಾನ್ವಾರ ಪಾಂಡವಪುರದ ಸ್ಕೂಲ್ನಲ್ಲಿ ಕ್ಲಾಸು. ಮೇಷ್ಟ್ರು ಮೈಸೂರಿಂದ ಬತ್ತಾರೆ. ವಾರ್ಷಿಕೋತ್ಸವದ ದಿನ ಸ್ಟೇಜ್ ಮ್ಯಾಲೆ ಯಾರು ಬಾರಿಸ್ತೀರೋ ಅವ್ರು ಮುಂದ್ಲೊರ್ಸಕ್ಕೂ ಇರಿ. ಬಾರ್ಸಕೆ ಬರ್ದೇ ಇರೋರ್ಗೆ ಒಂದ್ ನಮಸ್ಕಾರ."

ನಮಸ್ಕಾರ ಅಂದರೆ ಏನೆಂದು ನಮಗೆಲ್ಲ ಗೊತ್ತಿತ್ತು. ಹಿಂದಿನ ವರ್ಷ ಒಬ್ಬಳಿಗೆ ಹಾಕಿ ಕಳಿಸಿದ್ದರು.

ಮೇಷ್ಟ್ರು ಹಿಂದೆ ಮದುವೆ ಆರ್ಕೆಸ್ಟ್ರಾಗಳಲ್ಲಿ ಗಿಟಾರು ನುಡಿಸುತ್ತಿದ್ದ ಮನುಷ್ಯ. ಬಿಳಿ ಶೂ, ತಲೆಯ ಮೇಲಕ್ಕೆ ಸರಿಸಿದ ಕಪ್ಪು ಕನ್ನಡಕ. ರೈಲಿಳಿದು ಬಂದು ಕೂತರೆ ಮೊದಲು ಮೂಗು ಮುಚ್ಚಿಕೊಂಡು, "ಏನ್ರೀ ಇದು ವಾಸನೆ ನಿಮ್ಮೂರಲ್ಲಿ" ಎನ್ನುತ್ತಿದ್ದ. ಕಬ್ಬು ಅರೆಯುವ ಕಾಲ, ಸಕ್ಕರೆ ಕಾರ್ಖಾನೆಯ ಮಡ್ಡಿ ವಾಸನೆ ಊರಿಗೆಲ್ಲ ಹಬ್ಬಿರುತ್ತಿತ್ತು. ಆ ವಾಸನೆಯಿಂದಲೇ ಸೆಕ್ರೆಟರಿ ಅವನಿಗೆ ಸಂಬಳ ಕೊಡುತ್ತಿದ್ದದ್ದು. ಆ ಮಾತು ಅವನ ಮುಖಕ್ಕೆ ಹೇಳುವ ಧೈರ್ಯ ಮಾತ್ರ ನಮಗೆ ಯಾರಿಗೂ ಇರಲಿಲ್ಲ.

ಮಕ್ಕಳು ಕೂರುವ ಕುಳ್ಳು ಬೆಂಚುಗಳಲ್ಲಿ ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು ನಾವು ಆರು ಜನ ಕೂರಬೇಕು. ಶಾಲೆ ಕೊಂಡಿದ್ದ ವಾದ್ಯ ನಾಲ್ಕು. ಸೀನಿಯರು ನಾಲ್ವರು ಅವನ್ನು ಹಂಚಿಕೊಂಡರು. ಉಳಿದಿಬ್ಬರು ನಿಮ್ಮದನ್ನು ನೀವೇ ತಂದುಕೊಳ್ಳಿ ಎಂದರು ಸೆಕ್ರೆಟರಿ. ಆ ಇಬ್ಬರಲ್ಲಿ ಒಬ್ಬಳು ಪಾಂಡವಪುರದವಳು, ಮರುವಾರವೇ ಮೈಸೂರಿನಿಂದ ತರಿಸಿಕೊಂಡಳು. ಇನ್ನೊಬ್ಬಳು ನಾನು.

ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಅಪ್ಪ ಕೈಲಿದ್ದ ಉಳಿ ಕೆಳಗಿಟ್ಟ.

"ಆಚಾರಿ ಮನೆ ಎಣ್ಣು ಮರದ ಸಾಮಾನ ಅಂಗ್ಡೀಲಿ ಕೊಂಡ್ಕಬಂದ್ರೆ ಊರ್ನೋರು ನನ್ ಮುಖಕ್ಕೆ ಉಗಿಯಾಕಿಲ್ವಾ? ಒಂದು ಮಾದರಿ ತಕಬಾ. ಮಾಡ್ಕೊಡ್ತೀನಿ."

ಸೀನಿಯರ್ ಮಿಸ್ಸೊಬ್ಬರ ಕೈಕಾಲು ಹಿಡಿದು ಶಾಲೆಯ ಒಂದು ಯುಕುಲೆಲೆಯನ್ನು ವಾರದ ಮಟ್ಟಿಗೆ ಮನೆಗೆ ತಂದೆ. ಅಪ್ಪ ಅದನ್ನು ತಿರುಗಿಸಿ ಮುರುಗಿಸಿ ನೋಡಿದ, ಬೆರಳ ಗಿಣ್ಣಿನಿಂದ ಹೊಟ್ಟೆ ತಟ್ಟಿದ, ಮೂಸಿದ. ಆಮೇಲೆ ಅಳತೆ ಕಡ್ಡಿ ತೆಗೆದುಕೊಂಡು ಆಯ ನೋಡಲು ಕೂತ.

ಆಯ ಎಂದರೆ ಏನೆಂದು ಹೇಳಲೇಬೇಕು. ಸಾಮಾನಿನ ಉದ್ದ ಅಗಲಗಳನ್ನು ಇಂಚಿಗಿಂತ ಸಣ್ಣದಾದ ಆಚಾರಿ ಅಂಗುಲದಲ್ಲಿ ಅಳೆದು, ಗುಣಿಸಿ, ಎಂಟರಿಂದ ಭಾಗಿಸಿ, ಉಳಿದ ಶೇಷವನ್ನು ನೋಡುತ್ತಾರೆ. ಒಂದು ಉಳಿದರೆ ಧ್ವಜ, ಮೂರಕ್ಕೆ ಸಿಂಹ, ಐದಕ್ಕೆ ಎತ್ತು, ಏಳಕ್ಕೆ ಆನೆ. ಇವು ಒಳ್ಳೆಯವು. ಹೊಗೆ, ನಾಯಿ, ಕತ್ತೆ, ಕಾಗೆ ಬಂದರೆ ಆ ಮನೆಗೆ ಕೇಡು. ಮನೆಯ ಬಾಗಿಲಿಗೆ ಎಲ್ಲ ಆಚಾರಿಗಳೂ ಆಯ ನೋಡುತ್ತಾರೆ. ನಮ್ಮಪ್ಪ ಮಣೆಗೆ, ತೊಟ್ಟಿಲಿಗೆ, ಕೊನೆಗೆ ಕೋಳಿ ಗೂಡಿಗೂ ನೋಡುತ್ತಿದ್ದ. ಮಾಡಿದ ಸಾಮಾನಿನ ಒಳಮೈಯಲ್ಲಿ ಯಾರಿಗೂ ಕಾಣದ ಕಡೆ ಪೆನ್ಸಿಲಿನಲ್ಲಿ ಎರಡು ಸಾಲು ಬರೆಯುತ್ತಿದ್ದ: ಯಾವ ಆಯ, ಯಾರ ಅಳತೆ. ಅವನ ಅಪ್ಪನೂ ಹಾಗೇ ಬರೆಯುತ್ತಿದ್ದನಂತೆ.

ಯುಕುಲೆಲೆ ಮೂವತ್ತಂಗುಲ ಉದ್ದ, ಹೊಟ್ಟೆಯ ಹತ್ತಿರ ಒಂಬತ್ತಂಗುಲ ಅಗಲ ಬಂತು. ಗುಣಿಸಿದರೆ ಇನ್ನೂರ ಎಪ್ಪತ್ತು. ಎಂಟರಿಂದ ಭಾಗಿಸಿದರೆ ಉಳಿಯುವುದು ಆರು.

"ಯಾವ ಬೇಕೂಪ ಮಾಡ್ದವ್ನು ಇದ?" ಅಂದ ಅಪ್ಪ. "ಖರಾಯ ಕಣವ್ವ. ಕತ್ತೆ. ಮದ್ವೆ ಆಗ್ಬೇಕಾದ ಎಣ್ಮಗ ಕತ್ತೆ ಆಯದ್ದ ಮಡ್ಲಲ್ಲಿ ಮಡಿಕಂಡು ಕೂತ್ಕಳಾದಾ? ಒಂದಂಗ್ಲ ಉದ್ದ ಬುಟ್ರೆ ಗಜಾಯ ಆಯ್ತದೆ. ಆನೆ!"

ನನಗೂ ಸರಿಯೆನ್ನಿಸಿತು. ಬೇಡ ಅನ್ನಲಿಲ್ಲ. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಮುಂದೆ ನಾನು ಆಡಿದ ಮಾತಿನಲ್ಲಿ ಈ ಸಂಗತಿಯನ್ನು ಸದ್ದಿಲ್ಲದೆ ನುಂಗಿಬಿಟ್ಟೆ.

ಹಲಸಿನ ಮರದಲ್ಲಿ ಮಾಡಿದ. ಕತ್ತಿನ ಉದ್ದಕ್ಕೆ ಕೈಯಿಡಲಿಲ್ಲ. ಕತ್ತಿನ ಮೇಲೆ ಸ್ವರಕ್ಕೊಂದರಂತೆ ಬೆರಳೊತ್ತುವ ಅಡ್ಡಪಟ್ಟಿಗಳಿರುತ್ತವಲ್ಲ, ಮೆಟ್ಟುಗಳು, ಅವುಗಳ ಜಾಗವನ್ನು ದಾರ ಹಿಡಿದು ಕೂದಲೆಳೆಯಷ್ಟೂ ತಪ್ಪದಂತೆ ಗುರುತು ಮಾಡಿದ. ಅಕ್ಕಸಾಲಿ ಚಿಕ್ಕಪ್ಪ ಹಿತ್ತಾಳೆಯಲ್ಲಿ ಪಟ್ಟಿ ಕೊಯ್ದುಕೊಟ್ಟ. ಹೆಚ್ಚಿನ ಒಂದಂಗುಲವನ್ನು ಅಪ್ಪ ಹೊಟ್ಟೆಯ ಉದ್ದದಲ್ಲಿ ಹಿಗ್ಗಿಸಿದ. ಹೊಟ್ಟೆ ಹಿಗ್ಗಿದಂತೆ ತಂತಿ ಕೂರುವ ಕುದುರೆಯೂ ಒಂದಂಗುಲ ಕೆಳಕ್ಕೆ ಹೋಯಿತು. ಪಾಲಿಷು ಹಾಕಿ, ಅರಿಶಿನ ಕುಂಕುಮವಿಟ್ಟು, ವೀಳ್ಯದೆಲೆ ಸಮೇತ ಎರಡೂ ಕೈಯಲ್ಲಿ ನನಗೆ ಕೊಟ್ಟು, "ಬಾಳ್ಲಿ" ಅಂದ. ಅವ್ವ ದೃಷ್ಟಿ ತೆಗೆದಳು. ಅಂಗಡಿಯದಕ್ಕಿಂತ ಎಷ್ಟೋ ಚೆಂದವಿತ್ತು, ಸುಳ್ಳು ಹೇಳಬಾರದು.

ಮರು ಭಾನುವಾರ ಅದನ್ನು ಎತ್ತಿ ಹಿಡಿದು, "ನಮ್ಮಪ್ಪ ಮಾಡಿದ್ದು" ಎಂದು ಎಲ್ಲರಿಗೂ ತೋರಿಸಿದೆ. ಮೇಷ್ಟ್ರು ತಂತಿಗಳನ್ನು ಒಂದೊಂದೇ ಮೀಟಿ, ಬಿರಡೆ ತಿರುಗಿಸಿ ಶ್ರುತಿ ಮಾಡಿ, "ಪರ್ವಾಗಿಲ್ಲ" ಎಂದು ವಾಪಸ್ಸು ಕೊಟ್ಟ. ಬಿಟ್ಟ ತಂತಿಯಲ್ಲಿ ಅದು ಸರಿಯಾಗಿಯೇ ಇತ್ತು. ಬೆರಳೊತ್ತಿ ನುಡಿಸಿ ನೋಡುವ ಗೋಜಿಗೆ ಅವತ್ತೂ ಅವನು ಹೋಗಲಿಲ್ಲ, ಮುಂದಿನ ಹನ್ನೆರಡು ಭಾನುವಾರವೂ ಹೋಗಲಿಲ್ಲ.

ನನ್ನ ಗ್ರಹಚಾರ ಅಲ್ಲಿಂದ ಶುರುವಾಯಿತು. ಮೊದಲೆರಡು ಮೆಟ್ಟಿನಲ್ಲಿ ಅಷ್ಟೇನೂ ಗೊತ್ತಾಗುತ್ತಿರಲಿಲ್ಲ. ಬೆರಳು ಹೊಟ್ಟೆಯ ಕಡೆಗೆ ಜಾರಿದಷ್ಟೂ ನನ್ನ ಸ್ವರ ಇಳಿಯುತ್ತಿತ್ತು. ಐದು ವಾದ್ಯ ಒಂದು ಕಡೆ ಹೋದರೆ ನನ್ನದು ಕೆರೆಗೆ ಬಿದ್ದ ಎಮ್ಮೆಯ ಹಾಗೆ ಹಿಂದೆ ಉಳಿಯುತ್ತಿತ್ತು. ಮೇಷ್ಟ್ರು ಪೆನ್ಸಿಲಿನಿಂದ ನನ್ನ ಬೆರಳಿಗೆ ಕುಟ್ಟುತ್ತಿದ್ದ. ಇಪ್ಪತ್ತಮೂರು ವರ್ಷದವಳು ನಾನು, ನನಗೇ ಮಿಸ್ ಎನ್ನುವ ನಲವತ್ತು ಮಕ್ಕಳಿದ್ದರು.

"ಏನ್ರೀ ಮಿಸ್, ನಿಮ್ಮ ಕಿವಿ ಕೇಳೋದಕ್ಕೆ ಇರೋದಾ, ಓಲೆ ಹಾಕ್ಕೊಳ್ಳೋದಕ್ಕೆ ಮಾತ್ರಾನಾ?"

ಎಲ್ಲರೂ ನಕ್ಕರು. ಹೆಚ್ಚು ನಕ್ಕವಳು ಪಕ್ಕದ ಬೆಂಚಿನ ಪಾಂಡವಪುರದವಳು. ನನ್ನ ಸದ್ದಿನಿಂದ ತನ್ನ ಶ್ರುತಿ ಕೆಡುತ್ತದೆಂದು ಅವಳು ಆಮೇಲೆ ಬೆಂಚನ್ನೇ ಅತ್ತ ಎಳೆದುಕೊಂಡಳು. ಒಂದು ಸಲ ಧೈರ್ಯ ಮಾಡಿ, ವಾದ್ಯದಲ್ಲೇ ಏನಾದರೂ ದೋಷವಿರಬಹುದಾ ಸಾರ್ ಎಂದು ಕೇಳಿದೆ. ಆತ ಕಾದು ಕೂತಿದ್ದವನ ಹಾಗೆ ಹೇಳಿದ: "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ."

ಆ ಗಾದೆಯನ್ನು ನಾನು ಬಸ್ಸಿನಲ್ಲಿ ಚಿನಕುರಳಿಯಿಂದ ಕೆ.ಆರ್. ಪೇಟೆಯವರೆಗೂ ಅಗಿಯುತ್ತಾ ಬಂದೆ. ಮನೆಯ ಜಗುಲಿಯಲ್ಲಿ ಕೂತು ಸಂಜೆಯೆಲ್ಲ ಸಾಧನೆ ಮಾಡಿದೆ. ಬೆರಳ ತುದಿ ಬಾತು, ಸುಲಿದು, ಗಟ್ಟಿಯಾಯಿತು. ಪಕ್ಕದಲ್ಲೇ ಮರ ಉಜ್ಜುತ್ತಿದ್ದ ಅಪ್ಪ, "ಚೆಂದಾಗದೆ ಕಣವ್ವ, ಬಾರ್ಸು" ಅನ್ನುತ್ತಿದ್ದ. ಅವನ ಕಿವಿಗೆ ಎಲ್ಲವೂ ಚೆಂದವೇ. ಮುಕ್ಕಾಲು ನೂಲು ಓರೆಯಾದರೆ ಕಣ್ಣಿನಲ್ಲೇ ಹಿಡಿಯುತ್ತಿದ್ದ ಮನುಷ್ಯನಿಗೆ ಸ್ವರದ ಓರೆ ಕೇಳುತ್ತಿರಲಿಲ್ಲ. ನನಗೆ ಅಳು ಬರುತ್ತಿತ್ತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬರುತ್ತಿತ್ತು. ನನ್ನ ಕಿವಿಯೇ ಸರಿಯಿಲ್ಲವೆಂದು ನಾನೂ ನಂಬತೊಡಗಿದ್ದೆ.

ಸಂಕ್ರಾಂತಿ ಕಳೆದ ಮೇಲಿನ ಭಾನುವಾರ ಮೇಷ್ಟ್ರು ಎಲ್ಲರ ಎದುರಿಗೇ ಹೇಳಿದ: "ಬರೋ ವಾರ ಸೆಕ್ರೆಟರಿ ಬರ್ತಾರೆ, ಸ್ಟೇಜಿನ ಲಿಸ್ಟ್ ಕೊಡ್ತೀನಿ. ಮಿಸ್, ನಿಮ್ಮ ಹೆಸರು ಅದರಲ್ಲಿ ಇರಲ್ಲ. ಮೊದ್ಲೇ ಹೇಳ್ಬಿಟ್ರೆ ಒಳ್ಳೇದಲ್ವಾ?" ಒಳ್ಳೆಯದಂತೆ! ಅವನ ಬಿಳಿ ಶೂವಿನ ಮೇಲೆ ಉಗಿಯಬೇಕೆನ್ನಿಸಿತು.

ಆ ಮುಂದಿನ ವಾರ ಅಪ್ಪನೂ ನನ್ನ ಜೊತೆ ಹೊರಟ. ಪಾಂಡವಪುರದಲ್ಲಿ ಯಾರದೋ ಹೊಸ ಮನೆಗೆ ಬಾಗಿಲು ಕೂರಿಸುವುದಿತ್ತು. ಕೆಲಸ ಮುಗಿಸಿ ಶಾಲೆಗೇ ಬರುತ್ತೇನೆ, ಒಟ್ಟಿಗೆ ಬಸ್ಸು ಹತ್ತೋಣ ಎಂದು ಹೇಳಿ ಬಸ್ ಸ್ಟ್ಯಾಂಡಿನಿಂದ ಅತ್ತ ಹೋದ. ಲಿಸ್ಟಿನ ವಿಷಯ ನಾನು ಅವನಿಗೆ ಹೇಳಿರಲಿಲ್ಲ.

ಟೀ ಕುಡಿಯಲು ಎಲ್ಲರೂ ಹೊರಗೆ ಹೋದಾಗ ನಾನೊಬ್ಬಳೇ ಕೋಣೆಯಲ್ಲಿ ಉಳಿದೆ. ಪಾಂಡವಪುರದವಳ ಯುಕುಲೆಲೆ ಮೇಜಿನ ಮೇಲಿತ್ತು. ಏನು ತೋಚಿತೋ, ನನ್ನದನ್ನು ಅದರ ಪಕ್ಕ ಮಲಗಿಸಿ, ಕತ್ತಿನ ತುದಿಗಳನ್ನು ಸರಿಯಾಗಿ ಹೊಂದಿಸಿದೆ. ಆಚಾರಿ ಮಗಳಲ್ಲವೇ, ಎರಡು ಸಾಮಾನು ಕಂಡರೆ ಅಳತೆ ಹೋಲಿಸುವುದು ರಕ್ತದಲ್ಲೇ ಬಂದದ್ದು. ಮೆಟ್ಟುಗಳೆಲ್ಲ ಒಂದಕ್ಕೊಂದು ನೇರ ನಿಂತವು. ಕುದುರೆಗಳು ಮಾತ್ರ ನಿಲ್ಲಲಿಲ್ಲ. ನನ್ನದು ಒಂದಂಗುಲ ಕೆಳಗಿತ್ತು. ತಂತಿ ಉದ್ದ, ಮೆಟ್ಟು ಹಳೆಯ ಜಾಗದಲ್ಲೇ. ಮತ್ತೆ ಸ್ವರ ಹೇಗೆ ಸರಿ ಬಂದೀತು? ಅವಳ ಯುಕುಲೆಲೆ ಎತ್ತಿಕೊಂಡು ವಾರ್ಷಿಕೋತ್ಸವದ ಹಾಡನ್ನು ಶುರುವಿನಿಂದ ಕೊನೆಯವರೆಗೆ ನುಡಿಸಿದೆ. ಒಂದು ಸ್ವರವೂ ಇಳಿಯಲಿಲ್ಲ. ನೆಲ ನಿಜವಾಗಿಯೂ ಡೊಂಕಿತ್ತು.

ಮೂರು ತಿಂಗಳ ಸಿಟ್ಟು ಒಟ್ಟಿಗೆ ನೆತ್ತಿಗೇರಿತು. ಮೇಷ್ಟ್ರು, ಸೆಕ್ರೆಟರಿ, ಮಿಸ್ಸುಗಳೆಲ್ಲ ಒಳಗೆ ಬರುತ್ತಿದ್ದಂತೆ ನನ್ನ ಯುಕುಲೆಲೆಯನ್ನು ಮೇಷ್ಟ್ರ ಕೈಗೆ ತುರುಕಿದೆ.

"ಸಾರ್, ಆ ಹಾಡನ್ನ ನೀವೇ ಇದರಲ್ಲಿ ನುಡಿಸಿ ತೋರ್ಸಿ. ನಾನು ನೋಡಿ ಕಲಿತೀನಿ."

ಸೆಕ್ರೆಟರಿ ಎದುರಿಗಿದ್ದರು, ಆಗಲ್ಲ ಅನ್ನುವಂತಿರಲಿಲ್ಲ. ಬಿಂಕದಿಂದ ಶುರು ಮಾಡಿದ. ಎರಡನೆಯ ಸಾಲಿಗೆ ಸ್ವರ ಜಾರಿತು. ನಿಲ್ಲಿಸಿ, ಬಿರಡೆ ತಿರುಗಿಸಿ, ಮತ್ತೆ ನುಡಿಸಿದ. ಮತ್ತೆ ಜಾರಿತು.

"ಏನ್ ಮೇಷ್ಟ್ರೇ, ನಿಮ್ ಕೈಲೂ ಅಂಗೇ ಅಳ್ತದಲ್ಲ?" ಅಂದರು ಸೆಕ್ರೆಟರಿ.

ಅವನ ಮುಖ ಕೆಂಪಾಯಿತು. "ಇದು ವಾದ್ಯವೇ ಅಲ್ಲ ಸಾರ್. ಯಾವ ದಡ್ಡ ಮಾಡಿದ್ದು ಇದನ್ನ? ಅಳತೇನೇ ತಪ್ಪು."

ಅಲ್ಲಿಗೆ ನಾನು ಸುಮ್ಮನಾಗಬಹುದಿತ್ತು. ಗೆದ್ದಾಗಿತ್ತು. ಆದರೆ ನನ್ನ ಬಾಯಿ ನಿಲ್ಲಬೇಕಲ್ಲ.

"ನಮ್ಮಪ್ಪ ಮಾಡಿದ್ದು. ಅಳತೆ ತಪ್ಪಿರೋದು ನಮ್ಮಪ್ಪ, ನಾನಲ್ಲ! ನನ್ನ ಕಿವಿ ಸರಿಯಾಗಿದೆ. ನಮ್ಮಪ್ಪಂಗೆ ಅಳತೆ ಬರದೇ ಇದ್ರೆ ನನ್ನ ಕೆಲಸ ಯಾಕೆ ಹೋಗ್ಬೇಕು?"

ಎಲ್ಲರೂ ನನ್ನ ಬೆನ್ನ ಹಿಂದೆ ನೋಡುತ್ತಿದ್ದರು. ತಿರುಗಿದೆ. ಅಪ್ಪ ಬಾಗಿಲಲ್ಲಿ ನಿಂತಿದ್ದ. ಶಾಲೆಯೆಂದು ಚಪ್ಪಲಿಯನ್ನು ಹೊರಗೇ ಬಿಟ್ಟಿದ್ದ. ಹೆಗಲ ಮೇಲೆ ಟವೆಲ್ಲು, ಕೈಯಲ್ಲಿ ಉಳಿ ಬಾಚಿಗಳ ಚೀಲ.

ಆಚಾರಿಯನ್ನು ಕುಡುಕ ಅನ್ನಿ, ಸೋಮಾರಿ ಅನ್ನಿ, ತಡೆದುಕೊಳ್ಳುತ್ತಾನೆ. ಅಳತೆ ತಪ್ಪಿದವನು ಅನ್ನಬಾರದು. ಆ ಮಾತು ಒಂದು ಸಲ ಊರಲ್ಲಿ ಹರಡಿದರೆ ಮತ್ತೆ ಅವನನ್ನು ಯಾರೂ ಬಾಗಿಲು ಮಾಡಲು ಕರೆಯುವುದಿಲ್ಲ. ಸೆಕ್ರೆಟರಿಯವರ ಮನೆಯ ಬಾಗಿಲನ್ನೂ ಮಾಡಿದವನು ನಮ್ಮಪ್ಪನೇ.

ಅಪ್ಪ ಒಳಗೆ ಬಂದ. ಚೀಲದಿಂದ ಅಳತೆ ಕಡ್ಡಿ ತೆಗೆದ. ಎರಡೂ ಯುಕುಲೆಲೆಗಳನ್ನು ಮೇಜಿನ ಮೇಲಿಟ್ಟು ನಿಧಾನವಾಗಿ ಅಳೆದ. ಆಮೇಲೆ ಮೇಷ್ಟ್ರಿಗೆ ಹೇಳಿದ:

"ಅಳ್ತೆ ತಪ್ಪಿಲ್ಲ ಸಾಮಿ. ಒಂದಂಗ್ಲ ನಾನೇ ಬೇಕಂತ ಬುಟ್ಟಿದ್ದು. ನಿಮ್ದು ಖರಾಯ."

ಮೇಷ್ಟ್ರಿಗೆ ತಲೆಬುಡ ತಿಳಿಯಲಿಲ್ಲ. ಸೆಕ್ರೆಟರಿಗೆ ತಿಳಿಯಿತು, ನೆಲ ನೋಡಿದರು. "ಆಯ್ತು ಬುಡು ಆಚಾರಿ. ಉಡ್ಗಿ ಕಿವಿ ಸರಿಯಾಗದೆ, ಅಷ್ಟೇಯ. ಬ್ಯಾರೇದು ಒಂದ್ ತಕಬರ್ಲಿ, ಸ್ಟೇಜ್ ಹತ್ಲಿ" ಅಂದರು. ಅಪ್ಪ ತಾನು ಮಾಡಿದ್ದನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಹೊರನಡೆದ. ನನ್ನ ಕಡೆ ನೋಡಲಿಲ್ಲ. ಬಸ್ಸಿನಲ್ಲಿ ನಾನು ಮುಂದೆ ಹೆಂಗಸರ ಸೀಟಿನಲ್ಲಿ, ಅವನು ಹಿಂದಿನ ಕೊನೆಯ ಸೀಟಿನಲ್ಲಿ ಕೂತು ಊರಿಗೆ ಬಂದೆವು. ಟಿಕೆಟ್ಟು ನನ್ನದು ನಾನೇ ತೆಗೆದುಕೊಂಡೆ.

ಮನೆಯಲ್ಲಿ ಮಾತು ನಿಂತಿತು. ಆನೆ ಆಯದ ಯುಕುಲೆಲೆಯನ್ನು ಅಪ್ಪ ತಂತಿ ಕಳಚಿ, ಕೆಲಸ ಮಾಡುವ ಚಪ್ಪರದಲ್ಲಿ ಮೊಳೆಗೆ ನೇತುಹಾಕಿದ. ನಾಲ್ಕನೆಯ ದಿನ ಅವ್ವ ಬಂದು, "ಏನಂದೆ ನಿಮ್ಮಪ್ಪುಂಗೆ? ನೆಟ್ಟುಗೆ ಉಣ್ತಾ ಇಲ್ಲ" ಎಂದು ಕೇಳಿದಳು.

"ಇದ್ದದ್ದು ಅಂದೆ."

"ಇದ್ದದ್ ಅಂದ್ರೆ ಎದ್ದು ಬಂದು ಎದೆಗ್ ಒದ್ರಂತೆ. ನೀನ್ ಒದ್ದಿದ್ದು ಹೆತ್ತಪ್ಪಂಗೆ ಕಣೆ."

ನಾನೂ ಸೋಲಲಿಲ್ಲ. ಒಂಬತ್ತನೆಯ ದಿನ ಶಾಲೆಯಿಂದ ಬಂದಾಗ ಜಗುಲಿಯ ಮೇಲೆ ಹೊಸ ಯುಕುಲೆಲೆಯೊಂದಿತ್ತು. ಅದೇ ಹಲಸಿನ ಮರ, ಅದೇ ಹಿತ್ತಾಳೆ, ಮೊದಲಿನದರ ತಂತಿ. ಅರಿಶಿನವಿಲ್ಲ, ಕುಂಕುಮವಿಲ್ಲ, ಎಲೆಯಿಲ್ಲ. ಕೈಯಲ್ಲಿ ಕೊಡುವವರೂ ಇಲ್ಲ. ಕಡ್ಡಿ ತಂದು ಅಳೆದೆ. ಮೂವತ್ತು, ಒಂಬತ್ತು. ನುಡಿಸಿದೆ. ಸರಿಯಾಗಿತ್ತು, ಕೊನೆಯ ಮೆಟ್ಟಿನವರೆಗೂ. ಅಪ್ಪ ಬೆನ್ನು ಹಾಕಿಕೊಂಡು ಯಾರದೋ ಕಿಟಕಿಯ ಚೌಕಟ್ಟು ಉಜ್ಜುತ್ತಿದ್ದ.

"ಸರಿಯಾಗಿದೆ ಅಪ್ಪ" ಅಂದೆ.

"ಅಂಗಾರೆ ಆಯ್ತು" ಅಂದ, ತಿರುಗದೆ.

ಕೋಳಿ ಗೂಡಿಗೂ ಆಯ ನೋಡುತ್ತಿದ್ದವನು ಜೀವಮಾನದಲ್ಲಿ ಗೊತ್ತಿದ್ದೂ ಮಾಡಿದ ಕೆಟ್ಟ ಆಯದ ಸಾಮಾನು ಅದೊಂದೇ. ಅದು ನನಗೆ ಆಗ ಹೊಳೆಯಲಿಲ್ಲ. ವಾರ್ಷಿಕೋತ್ಸವದಲ್ಲಿ ನುಡಿಸಿದೆ. ಕೆಲಸ ಉಳಿಯಿತು. ಮೇಷ್ಟ್ರು ಮೈಕು ಹಿಡಿದು, ಕಿವಿಯೇ ಇಲ್ಲದವರಿಗೂ ತಾನು ಕಿವಿ ಬರಿಸಿದೆ ಎಂದು ನನ್ನ ಕಡೆ ಕೈ ತೋರಿಸಿದ, ಜನ ಚಪ್ಪಾಳೆ ತಟ್ಟಿದರು. ತಪ್ಪಾಯಿತು ಎಂಬ ಮಾತು ಅವನ ಬಾಯಿಂದ ಬರಲೇ ಇಲ್ಲ. ಅವ್ವ ಬಂದಿದ್ದಳು, ಚಿಕ್ಕಪ್ಪ ಬಂದಿದ್ದ. ಅಪ್ಪ ಬರಲಿಲ್ಲ.

ಬೇಸಿಗೆ ರಜೆಯಲ್ಲಿ ಒಂದು ತಂತಿ ಹರಿಯಿತು. ಹೊಸ ತಂತಿ ಕಟ್ಟಲು ಜಗುಲಿಯಲ್ಲಿ ಕೂತು ಉಳಿದವನ್ನೂ ಬಿಚ್ಚಿದಾಗ, ಹೊಟ್ಟೆಯ ತೂತಿನೊಳಗೆ ಬಿಸಿಲು ಬಿದ್ದು, ಒಳಹಲಗೆಯ ಮೇಲೆ ಪೆನ್ಸಿಲಿನ ಎರಡು ಸಾಲು ಕಂಡವು. ಮೇಲಿನ ಸಾಲು, ಖರಾಯ. ಕೆಳಗಿನದು, ಅಳತೆ ಮಗಳದು.

ಎದ್ದು ಚಪ್ಪರಕ್ಕೆ ಹೋದೆ. "ಏನಪ್ಪ ಇದು ಬರೆದಿರೋದು?" ಎಂದು ಜೋರಾಗಿಯೇ ಕೇಳಿದೆ.

ಅಪ್ಪ ತಲೆಯೆತ್ತಿ, ಅಷ್ಟು ತಿಂಗಳಲ್ಲಿ ಮೊದಲ ಸಲ ನನ್ನ ಮುಖ ನೋಡಿದ. "ಯಾರ್ ಅಳ್ತೆಯೋ ಅವ್ರೆಸ್ರೇ ಬರೀಬೇಕು ಕಣವ್ವ. ನನ್ಗೆ ಅಳ್ತೆ ಬರಕಿಲ್ವಲ್ಲ."

ತಪ್ಪಾಯ್ತಪ್ಪ ಎಂದು ಅಲ್ಲೇ ಅನ್ನಬೇಕಿತ್ತು. ಹಾಳು ಹಟ, ಬಾಯಿ ಬಿಡಿಸಲಿಲ್ಲ. ಜಗುಲಿಗೆ ವಾಪಸ್ಸು ಬಂದು, ಹೊಸ ತಂತಿ ಕಟ್ಟಿ, ಶ್ರುತಿ ಮಾಡಿ, ಚಪ್ಪರಕ್ಕೆ ಕೇಳುವ ಹಾಗೆ ಆ ಹಾಡನ್ನು ಪೂರ್ತಿ ನುಡಿಸಿದೆ. ಮೊದಲಾಗಿದ್ದರೆ ಚೆಂದಾಗದೆ ಅ‌ನ್ನುತ್ತಿದ್ದ. ಅವತ್ತು ಉಜ್ಜುಗೊರಡಿನ ಸದ್ದು ಒಂದು ಗಳಿಗೆಯೂ ನಿಲ್ಲಲಿಲ್ಲ.